ರಜೆಗೆ ಬಂದ ಸೀಟಿ: ಬೇಸಿಗೆ ಕ್ರೀಡಾ ಶಿಬಿರ ನಡೆದು ಬಂದ ದಾರಿ

ಏಪ್ರಿಲ್ ಎರಡನೇ ವಾರ ಬಂತೆಂದರೆ ರಾಜ್ಯದ ಜಿಲ್ಲಾ ಕ್ರೀಡಾಂಗಣಗಳಲ್ಲಿ ಬೆಳಗಿನ ಆರಕ್ಕೇ ಗದ್ದಲ. ಅಪ್ಪನ ಬೈಕಿನಿಂದ ಇಳಿದವರು, ಅಕ್ಕನ ಸೈಕಲ್ಲಿನ ಕ್ಯಾರಿಯರಿನಿಂದ ಹಾರಿದವರು, ಎರಡು ಬೀದಿ ಆಚೆಯಿಂದ ಓಡೋಡಿ ಬಂದವರು. ಒಬ್ಬನ ಕಾಲಲ್ಲಿ ಹೊಸ ಶೂ, ಇನ್ನೊಬ್ಬಳದು ಶಾಲೆಯ ಕ್ಯಾನ್ವಾಸು, ಮತ್ತೊಬ್ಬನದು ಬರಿಗಾಲು. ಸೀಟಿ ಊದುತ್ತಿದ್ದಂತೆ ಎಲ್ಲರೂ ಒಂದೇ ಸಾಲು. ಮೊದಲು ನಿಧಾನವಾಗಿ ಎರಡು ಸುತ್ತು ಓಟ, ಆಮೇಲೆ ಕೈಕಾಲು ಸಡಿಲಿಸುವ ವ್ಯಾಯಾಮ. ಅಷ್ಟರಲ್ಲಿ ನಿದ್ದೆಗಣ್ಣು ತೆರೆದು ಬಾಯಿಗೂ ಬಲ ಬಂದಿರುತ್ತದೆ: "ಸರ್, ಇವನು ನನ್ನ ತಳ್ಳಿದ!"

ಅಲ್ಲಿಂದ ಮೈದಾನ ಹೋಳಾಗುತ್ತದೆ. ಒಂದು ಕಡೆ ಉದ್ದ ಜಿಗಿತದ ಮರಳನ್ನು ಸಲಿಕೆಯಲ್ಲಿ ಕೆದಕಿ ನೀರು ಚಿಮುಕಿಸುತ್ತಾರೆ. ಇನ್ನೊಂದು ಕಡೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ಖೋ ಖೋ ಅಂಕಣ. ಎಂಟು ಮಂದಿ ಅಕ್ಕಪಕ್ಕದವರಿಗೆ ವಿರುದ್ಧ ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆ, ಒಂಬತ್ತನೆಯವಳು ಅಟ್ಟಬೇಕು. ಬೀದಿಯಲ್ಲಿ ಆಡಿ ಬಂದ ಮಗು ಇಲ್ಲಿ ನೆಲಕ್ಕೆ ಅಂಟಿ ಕೂತುಬಿಡುತ್ತದೆ. ಕೋಚ್ ಬಂದು ಹಿಮ್ಮಡಿ ಎತ್ತಿಸಿ, ಎರಡೂ ಕೈಯ ಬೆರಳನ್ನು ಮುಂದೆ ನೆಲಕ್ಕೆ ಊರಿಸಿ, ಭಾರವನ್ನು ಮುಂಗಾಲಿಗೆ ತರಿಸುತ್ತಾರೆ. "ಕೂರೋಕಲ್ಲ ಕಣಮ್ಮ ಕೂತಿರೋದು, ಏಳೋಕೆ." ಬೆನ್ನು ಮುಟ್ಟದೆ ಖೋ ಅಂದರೆ ಫೌಲು. ಒಮ್ಮೆ ಒಂದು ದಿಕ್ಕು ಹಿಡಿದರೆ ಕಂಬ ಮುಟ್ಟುವವರೆಗೆ ಹಿಂದೆ ತಿರುಗುವಂತಿಲ್ಲ. ಮೂರ್ನಾಲ್ಕು ದಿನದಲ್ಲಿ ಆ ಹುಡುಗಿ ಸೀಟಿಗೂ ಮುಂಚೆ ಹಿಮ್ಮಡಿ ಎತ್ತಿ ಕಾಯುತ್ತಿರುತ್ತಾಳೆ.

ಎಂಟರ ಸುಮಾರಿಗೆ ಬಾಳೆಹಣ್ಣು, ಮೊಳಕೆ ಕಾಳು, ಎಲ್ಲೋ ಕೆಲವೆಡೆ ಬೇಯಿಸಿದ ಮೊಟ್ಟೆ. ಬಿಸಿಲು ಏರುವ ಮೊದಲು ಎಲ್ಲರೂ ಮನೆಗೆ, ಸಂಜೆ ನಾಲ್ಕೂವರೆಗೆ ಮತ್ತೆ ಹಾಜರು. ಇಂಥ ದಿನವನ್ನು ನಾವು ಎಷ್ಟು ಸಹಜವೆಂದುಕೊಂಡಿದ್ದೇವೆ ಎಂದರೆ, ಇದಕ್ಕೂ ಒಂದು ಹುಟ್ಟು ಇತ್ತೆಂಬುದೇ ಮರೆತುಹೋಗಿದೆ.

ಡೇರೆಯಿಂದ ಮದರಾಸಿಗೆ

ಬೇಸಿಗೆ ಶಿಬಿರ ಹುಟ್ಟಿದ್ದು ಅಮೆರಿಕದಲ್ಲಿ. ಕನೆಕ್ಟಿಕಟ್ ರಾಜ್ಯದ ವಾಷಿಂಗ್ಟನ್ ಎಂಬ ಸಣ್ಣ ಊರಿನಲ್ಲಿ ಫ್ರೆಡರಿಕ್ ವಿಲಿಯಂ ಗನ್ ಎಂಬ ಮೇಷ್ಟ್ರು ಒಂದು ವಸತಿಶಾಲೆ ನಡೆಸುತ್ತಿದ್ದರು. 1861ರಲ್ಲಿ ದೇಶದಲ್ಲಿ ಅಂತರ್ಯುದ್ಧ ಶುರುವಾಗಿತ್ತು. ಹುಡುಗರಿಗೆ ತಾವೂ ಸೈನಿಕರ ಹಾಗೆ ನಡೆಯಬೇಕು, ಬಯಲಲ್ಲಿ ಮಲಗಬೇಕು ಎಂಬ ಹುಚ್ಚು. ಗನ್ ಗದರಲಿಲ್ಲ. ಆ ಬೇಸಿಗೆಯಲ್ಲಿ ಅವರನ್ನೆಲ್ಲ ಕಡಲತೀರದವರೆಗೆ ನಡೆಸಿಕೊಂಡು ಹೋಗಿ ಡೇರೆ ಹಾಕಿಸಿದರು. ದೋಣಿ ನಡೆಸುವುದು, ಮೀನು ಹಿಡಿಯುವುದು, ಈಜುವುದು, ಇದೇ ಪಾಠ. ಬೇಸಿಗೆ ಶಿಬಿರಗಳ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಎಣಿಸುತ್ತಾರೆ.

ಅದಕ್ಕೆ ಆಟದ ಶಿಸ್ತು ಸೇರಿಸಿ ದೇಶದೇಶಕ್ಕೆ ಒಯ್ದದ್ದು ವೈಎಂಸಿಎ ಎಂಬ ಕ್ರೈಸ್ತ ಯುವಜನ ಸಂಸ್ಥೆ. 1885ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸಮ್ನರ್ ಡಡ್ಲಿ ಬೆರಳೆಣಿಕೆಯ ಹುಡುಗರೊಂದಿಗೆ ಶುರುಮಾಡಿದ ಶಿಬಿರ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ. 1891ರಲ್ಲಿ ಬಾಸ್ಕೆಟ್‌ಬಾಲ್, 1895ರಲ್ಲಿ ವಾಲಿಬಾಲ್ ಹುಟ್ಟಿದ್ದೂ ಇದೇ ಸಂಸ್ಥೆಯ ಅಂಗಳದಲ್ಲಿ. ಅದರ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಮದರಾಸಿಗೆ ಬಂದು 1920ರಲ್ಲಿ ದೈಹಿಕ ಶಿಕ್ಷಣ ಕಾಲೇಜು ತೆರೆದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ಜೊತೆಗಿದ್ದವರೂ ಅವರೇ. ಆ ಕಾಲೇಜಿನಲ್ಲಿ ತಯಾರಾದವರು ದಕ್ಷಿಣದ ಶಾಲೆ-ಕಾಲೇಜುಗಳಿಗೆ ಡ್ರಿಲ್ ಮೇಷ್ಟ್ರುಗಳಾಗಿ, ಫಿಸಿಕಲ್ ಡೈರೆಕ್ಟರುಗಳಾಗಿ ಹೋದರು. ಕೊರಳಿಗೆ ಸೀಟಿ ನೇತುಹಾಕಿಕೊಂಡು ಕಂಕುಳಲ್ಲಿ ಚೆಂಡು ಇಟ್ಟುಕೊಂಡ ಆ ಮೇಷ್ಟ್ರಿಲ್ಲದೆ ನಮ್ಮಲ್ಲಿ ಶಿಬಿರ ಎಂಬುದು ಆಗುತ್ತಿರಲಿಲ್ಲ.

ಸರ್ಕಾರ ಕೈಹಾಕಿದಾಗ

ಸ್ವಾತಂತ್ರ್ಯದ ನಂತರ ಆಟ ಕಲಿಸುವುದು ಸರ್ಕಾರದ ಕೆಲಸವೂ ಆಯಿತು. ದೇಶದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರಿನ ಕ್ರೀಡಾ ತರಬೇತಿ ಯೋಜನೆ 1953ರಲ್ಲಿ ಶುರುವಾಯಿತು. ಹೆಸರಾಂತ ಆಟಗಾರರೇ ಹುಡುಗರಿಗೆ ಕಲಿಸಬೇಕು ಎಂಬುದು ಅದರ ಆಶಯ. ಆದರೆ ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸಲಾರರು; ಕಲಿಸುವುದನ್ನೂ ಕಲಿಯಬೇಕು. 1961ರಲ್ಲಿ ಪಟಿಯಾಲದ ಮೋತಿಬಾಗ್ ಅರಮನೆಯಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ (ಎನ್‌ಐಎಸ್) ತೆರೆದದ್ದು ಇದಕ್ಕಾಗಿಯೇ. ಧ್ಯಾನ್‌ಚಂದ್ ಅಲ್ಲಿ ಹಾಕಿ ಕಲಿಸಿದರು. "ಅವರು ಎನ್‌ಐಎಸ್ ಮಾಡಿದ್ದಾರೆ" ಎಂಬುದು ಇಂದಿಗೂ ನಮ್ಮ ಕ್ರೀಡಾಂಗಣಗಳಲ್ಲಿ ಕೋಚ್ ಒಬ್ಬರಿಗೆ ಸಿಗುವ ದೊಡ್ಡ ಶಿಫಾರಸು. ಮುಂದೆ ಬೆಂಗಳೂರಿನಲ್ಲೂ ಸಂಸ್ಥೆಯ ದಕ್ಷಿಣ ಕೇಂದ್ರ ಬಂತು. 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ರೂಪುಗೊಂಡಿತು.

ಹೀಗೆ ತರಬೇತಾದ ಕೋಚುಗಳು ಜಿಲ್ಲೆಗೆ ಬಂದರು. ಮಕ್ಕಳಿಗೆ ಪುರುಸೊತ್ತು ಸಿಗುವುದು ಏಪ್ರಿಲ್-ಮೇ ತಿಂಗಳಲ್ಲಿ. ಎರಡೂ ಕೂಡಿದಾಗ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಬೇಸಿಗೆ ತರಬೇತಿ ಶಿಬಿರ ವರ್ಷವರ್ಷದ ವಾಡಿಕೆಯಾಯಿತು. ಕೊಡಗಿನಲ್ಲಿ ಈ ತಿಂಗಳುಗಳು ಹಾಕಿಗೇ ಮೀಸಲು. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಹಚ್ಚಿದ ಮೇಲೆ, ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುವುದು ಅಲ್ಲಿನ ಬೇಸಿಗೆಯ ನೋಟ.

ಕಣ್ಣಿಗೆ ಬಿದ್ದ ಹುಡುಗ

ಶಿಬಿರ ಏನು ಮಾಡಬಲ್ಲದು ಎಂದು ಕೇಳಿದರೆ ಕನ್ನಡಿಗರ ಬಳಿ ಒಂದು ಸಿದ್ಧ ಉತ್ತರವಿದೆ. 1980ರ ದಶಕದಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೇಕಿ ತಾರಾಪೂರ್ ಬೇಸಿಗೆ ಕ್ರಿಕೆಟ್ ಶಿಬಿರ ನಡೆಸುತ್ತಿದ್ದರು. ಅಲ್ಲಿಗೆ ಬಂದ ಸೇಂಟ್ ಜೋಸೆಫ್ಸ್ ಶಾಲೆಯ ಹುಡುಗನೊಬ್ಬನ ಆಟ ಅವರ ಕಣ್ಣಿಗೆ ಬಿತ್ತು. ಆ ಹುಡುಗ ರಾಹುಲ್ ದ್ರಾವಿಡ್. ಮುಂದೆ ಟೆಸ್ಟ್ ಕ್ರಿಕೆಟ್ಟಿನಲ್ಲಿ ಅವರು ಗಳಿಸಿದ್ದು 13,288 ರನ್.

ಈ ಕಥೆಯನ್ನು ತಂದೆತಾಯಿಗಳು ತಪ್ಪಾಗಿ ಓದಿಕೊಂಡದ್ದೇ ಹೆಚ್ಚು. ಶಿಬಿರಕ್ಕೆ ಸೇರಿಸಿದರೆ ಮಗ ದ್ರಾವಿಡ್ ಆಗುತ್ತಾನೆ ಎಂದು ನಂಬಿದರು. ನಿಜಕ್ಕೂ ಆದದ್ದು ಇಷ್ಟು: ಆಟ ಬಲ್ಲ ಹಿರಿಯರೊಬ್ಬರು ಒಂದು ಮಗು ಆಡುವುದನ್ನು ಗಮನವಿಟ್ಟು ನೋಡಿದರು. ನಲವತ್ತು-ಐವತ್ತು ಮಕ್ಕಳ ತರಗತಿಯಲ್ಲಿ, ವಾರಕ್ಕೆ ಎರಡು ಪಿ.ಟಿ. ಪೀರಿಯಡ್ಡಿನಲ್ಲಿ ಆ ನೋಟಕ್ಕೆ ಎಡೆಯಿಲ್ಲ. ಆ ಎರಡು ಪೀರಿಯಡ್ಡಿನಲ್ಲೂ ಒಂದನ್ನು ಗಣಿತದವರು ಕಸಿದುಕೊಂಡಿರುತ್ತಾರೆ. ಶಿಬಿರ ಕೊಡುವುದು ಆ ನೋಟವನ್ನು. ಈ ಮಗು ಓಟಕ್ಕಲ್ಲ, ಎಸೆತಕ್ಕೆ ಲಾಯಕ್ಕು ಎಂದು ಯಾರೋ ಹೇಳುವುದು ಬದುಕಿನಲ್ಲಿ ಅದೇ ಮೊದಲಿರಬಹುದು.

1990ರ ದಶಕದಿಂದ ನಗರಗಳಲ್ಲಿ ಖಾಸಗಿ ಅಕಾಡೆಮಿಗಳು ಬೆಳೆದವು. ಪ್ರಕಾಶ್ ಪಡುಕೋಣೆ ಅವರ ಬ್ಯಾಡ್ಮಿಂಟನ್ ಅಕಾಡೆಮಿ ಬೆಂಗಳೂರಿನಲ್ಲಿ ಶುರುವಾದದ್ದು 1994ರಲ್ಲಿ. ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಗಳು ಹೆಚ್ಚಿದವು, ಅಜ್ಜಿಯ ಊರು ದೂರವಾಯಿತು, ಖಾಲಿ ಸೈಟುಗಳ ಮೇಲೆ ಕಟ್ಟಡಗಳು ಎದ್ದವು. ಬೇಸಿಗೆ ಶಿಬಿರಕ್ಕೆ ದರಪಟ್ಟಿ ಬಂತು. ಕರಪತ್ರದಲ್ಲಿ ಈಜು, ಸ್ಕೇಟಿಂಗ್, ಚೆಸ್ ಜೊತೆ 'ವ್ಯಕ್ತಿತ್ವ ವಿಕಸನ'ವೂ ಸೇರಿಕೊಂಡಿತು. ಹಣವಿದ್ದವರ ಮಕ್ಕಳಿಗೆ ಆಯ್ಕೆ ಹೆಚ್ಚಿತು, ಇಲ್ಲದವರ ಮಕ್ಕಳಿಗೆ ಮೊಬೈಲು ಉಳಿಯಿತು.

ಬಿಸಿಲೂ ಒಬ್ಬ ಕೋಚ್

ಕಲಬುರಗಿ, ರಾಯಚೂರಿನಲ್ಲಿ ಮೇ ತಿಂಗಳ ಹಗಲು 40 ಡಿಗ್ರಿ ದಾಟುತ್ತದೆ. ಆರಕ್ಕೆ ಶುರುಮಾಡಿ ಒಂಬತ್ತರೊಳಗೆ ಮುಗಿಸುವ ವೇಳಾಪಟ್ಟಿ ಅಲ್ಲಿನವರಿಗೆ ಸೂರ್ಯನೇ ಬರೆದುಕೊಟ್ಟದ್ದು. ದೇಹ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ಆದ್ದರಿಂದ ಮೊದಲ ವಾರ ಹಗುರ ಕಸರತ್ತು, ಬಾಯಾರಿಕೆಗೆ ಕಾಯದೆ ಆಗಾಗ ನೀರು, ಬೆವರಿದ ಮಗುವಿಗೆ ಉಪ್ಪು ಹಾಕಿದ ಮಜ್ಜಿಗೆ. ತಲೆ ಸುತ್ತುತ್ತದೆ ಎಂದ ಮಗುವನ್ನು ನೆಪ ಹೇಳಬೇಡ ಎಂದು ಓಡಿಸುವವರು ಕೋಚ್ ಅಲ್ಲ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯೇರುವಷ್ಟು ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ವರ್ಷದ ಅಷ್ಟೂ ದಿನಗಳ ಮಾತು. ಮೂರು ವಾರದ ಶಿಬಿರ ಆ ಅಭ್ಯಾಸವನ್ನು ಹಚ್ಚಬಹುದು, ಉಳಿಸಲಾರದು. ಉಳಿಸಲು ಮನೆ ಹತ್ತಿರ ಒಂದು ಬಯಲು ಬೇಕು. ನಮ್ಮ ಎಷ್ಟೋ ಊರುಗಳಲ್ಲಿ ಅಂಥ ಬಯಲು ಒಂದೇ, ಸರ್ಕಾರಿ ಶಾಲೆಯ ಮೈದಾನ. ರಜೆ ಬಂದ ಕೂಡಲೇ ಅದಕ್ಕೇ ಬೀಗ ಬೀಳುತ್ತದೆ. ನಿಮ್ಮೂರಿನ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಮುಂದೆ ಸೇರಿದಾಗ ಒಂದು ಪ್ರಶ್ನೆ ಕೇಳಿ: ಬೇಸಿಗೆಯಲ್ಲಿ ಆ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಉತ್ತರ ಸಿಕ್ಕರೆ, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಅದನ್ನು ತೆಗೆಸುವ ಹೊಣೆಯನ್ನು ನೀವೇ ಹೊತ್ತುಕೊಳ್ಳಿ.