ಒದ್ದೆ ಕೈಯೂ ನೀರು ಕಾಯಿಸುವ ರಾಡೂ

ಮಳೆ, ಚಳಿ ಶುರುವಾದರೆ ಬಚ್ಚಲುಮನೆಯ ಬಕೆಟಿಗೆ ನೀರು ಕಾಯಿಸುವ ರಾಡ್ ಇಳಿಯುತ್ತದೆ. ಸ್ವಿಚ್ ಆರಿಸದೆಯೇ ಬೆರಳು ಅದ್ದಿ ನೀರು ಕಾದಿದೆಯೇ ಎಂದು ನೋಡುವವರಿದ್ದಾರೆ. ಹತ್ತು ಸಲ ಏನೂ ಆಗದಿರಬಹುದು. ಹನ್ನೊಂದನೆಯ ಸಲ ಜೀವವೇ ಹೋಗಬಹುದು. ಏಕೆ ಹೀಗೆ? ಶಾಲೆಯಲ್ಲಿ ಕಲಿತ ಒಂದು ಸಣ್ಣ ಲೆಕ್ಕ ಇದಕ್ಕೆ ಉತ್ತರ ಕೊಡುತ್ತದೆ.

ಮನೆಯ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ನೀರನ್ನು ತಳ್ಳುವ ಒತ್ತಡ ಇದ್ದಂತೆ ವೋಲ್ಟೇಜ್. ಪೈಪಿನಲ್ಲಿ ಹರಿಯುವ ನೀರಿದ್ದಂತೆ ಕರೆಂಟ್; ಇದರ ಅಳತೆ ಆಂಪಿಯರ್. ಹರಿವಿಗೆ ಎದುರಾಗುವ ತಡೆಯೇ ರೋಧ; ಇದರ ಅಳತೆ ಓಮ್. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ ಸಿಗುತ್ತದೆ. ಎರಡನ್ನೂ ಗುಣಿಸಿದರೆ ವಾಟ್, ಅಂದರೆ ಶಕ್ತಿ ಸಿಗುತ್ತದೆ.

ನಮ್ಮ ಮನೆಗಳಿಗೆ ಬರುವುದು ಸುಮಾರು 230 ವೋಲ್ಟ್. ರಾಡಿನ ಮೇಲೆ 1500 ವಾಟ್ ಎಂದಿದ್ದರೆ, 1500ನ್ನು 230ರಿಂದ ಭಾಗಿಸಿ. ಅದು ಸುಮಾರು 6.5 ಆಂಪಿಯರ್ ಎಳೆಯುತ್ತದೆ. ಅದರ ರೋಧ 230 ÷ 6.5, ಅಂದರೆ ಸುಮಾರು 35 ಓಮ್. ಫ್ಯಾನು, ಮೊಬೈಲ್ ಚಾರ್ಜರಿಗೆ ಬಳಸುವ 6 ಆಂಪಿಯರ್ ಸಾಕೆಟ್ ಇದಕ್ಕೆ ಸಾಲದು. 16 ಆಂಪಿಯರ್ ಸಾಕೆಟ್ಟೇ ಬೇಕು. ತೆಳು ವಯರಿನ ಎಕ್ಸ್‌ಟೆನ್ಶನ್ ಬಾಕ್ಸಿಗೆ ಸಿಕ್ಕಿಸಿದರೆ ವಯರ್ ಬಿಸಿಯಾಗಿ ಪ್ಲಾಸ್ಟಿಕ್ ಕರಗಬಹುದು.

ಇನ್ನು ನಮ್ಮ ದೇಹದ ಲೆಕ್ಕ. ಒಣಗಿದ ಚರ್ಮದ ರೋಧ ಹತ್ತಾರು ಸಾವಿರ ಓಮ್ ಇರಬಹುದು. 50,000 ಓಮ್ ಎಂದಿಟ್ಟುಕೊಂಡರೆ 230 ÷ 50,000, ಅಂದರೆ 5 ಮಿಲಿ ಆಂಪಿಯರ್‌ಗಿಂತಲೂ ಕಡಿಮೆ. ಕೈ ಜುಮ್ಮೆನ್ನುತ್ತದೆ ಅಷ್ಟೆ. ಮೈ ಒದ್ದೆಯಾದಾಗ ಅದೇ ರೋಧ ಸುಮಾರು 1,000 ಓಮಿಗೆ ಇಳಿಯಬಹುದು. ಆಗ 230 ÷ 1,000, ಅಂದರೆ 230 ಮಿಲಿ ಆಂಪಿಯರ್! ಹತ್ತಿಪ್ಪತ್ತು ಮಿಲಿ ಆಂಪಿಯರ್ ಹರಿದರೇ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡಲಾಗುವುದಿಲ್ಲ. ಇನ್ನೂ ಹೆಚ್ಚಿದರೆ ಉಸಿರು ಕಟ್ಟುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಹಾಗೆಂದು ಒಣ ಕೈಯನ್ನೂ ನಂಬಬೇಡಿ. ಬೆವರು, ಗಾಯ ಇದ್ದರೆ ರೋಧ ಕುಸಿಯುತ್ತದೆ.

"ನಮ್ಮ ಮನೆಯಲ್ಲಿ ಎಂಸಿಬಿ ಇದೆಯಲ್ಲ" ಎನ್ನಬಹುದು. 16 ಆಂಪಿಯರ್‌ನ ಎಂಸಿಬಿಗೆ 0.23 ಆಂಪಿಯರ್ ಲೆಕ್ಕಕ್ಕೇ ಇಲ್ಲ. ಅದು ಕಾಯುವುದು ವಯರನ್ನು, ಮನುಷ್ಯರನ್ನಲ್ಲ. ಮನುಷ್ಯರನ್ನು ಕಾಯಲು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಬೇಕು. ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ಪರೀಕ್ಷಿಸಿ.

ಇವನ್ನು ಮರೆಯದಿರಿ:

* ಸ್ವಿಚ್ ಆರಿಸಿ, ಪ್ಲಗ್ ಕಿತ್ತ ನಂತರವೇ ನೀರು ಮುಟ್ಟಿ.
* ಲೋಹದ ಬಕೆಟ್ ಬೇಡ. ಅರ್ತ್ ಇರುವ ಮೂರು ಪಿನ್ನಿನ ಪ್ಲಗ್ ಇರಲಿ.
* ರಾಡ್ ಹಾಕಿದ ಬಚ್ಚಲಿಗೆ ಮಕ್ಕಳನ್ನು ಬಿಡಬೇಡಿ.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಉಸಿರಾಟ ನಿಂತಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಿ. ಎದ್ದು ಕೂತು "ಏನೂ ಆಗಿಲ್ಲ" ಎಂದರೂ ವೈದ್ಯರಿಗೆ ತೋರಿಸಿ. ಬಡಿತದ ಏರುಪೇರು ಹೊರಗೆ ಕಾಣುವುದಿಲ್ಲ.