ಕಡತ ಹಂಚಿಕೆಯ ಕಿಂಡಿಯಿಂದ ಬಂದ ಹುಳು

ಗುಮಾಸ್ತರ ಗಣಕದಲ್ಲಿರುವ ಅಂಕಪಟ್ಟಿಯನ್ನು ನೀವು ಪ್ರಯೋಗಾಲಯದ ಗಣಕದಿಂದಲೇ ತೆರೆಯುತ್ತಿದ್ದೀರಾ? ಹಾಗಿದ್ದರೆ ನೀವು ವಿಂಡೋಸ್‌ನ ಕಡತ ಹಂಚಿಕೆ ತಂತ್ರಾಂಶವನ್ನು ಬಳಸುತ್ತಿದ್ದೀರಿ. ಇದರ ನಿಯಮಾವಳಿಗೆ ಎಸ್‌ಎಂಬಿ ಎಂದು ಹೆಸರು. ಕಡತ ಹಂಚುವ ಗಣಕವು 445ನೆಯ ಪೋರ್ಟ್ ಎಂಬ ಕಿಂಡಿಯಲ್ಲಿ ಸದಾ ಕಿವಿಗೊಟ್ಟು ಕುಳಿತಿರುತ್ತದೆ.

2017ರ ಮೇ 12ರಂದು 'ವನ್ನಾಕ್ರೈ' ಎಂಬ ಹುಳು ಈ ಕಿಂಡಿಯಿಂದಲೇ ಹಬ್ಬತೊಡಗಿತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳು ಅದಕ್ಕೆ ತುತ್ತಾದವು. ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸಲು 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೇಳುತ್ತಿತ್ತು. ಬ್ರಿಟನ್ನಿನ ಆಸ್ಪತ್ರೆಗಳ ಜೊತೆಗೆ, ನಮ್ಮ ಗಡಿಗೆ ಹೊಂದಿಕೊಂಡ ವಯನಾಡು ಜಿಲ್ಲೆಯ ತರಿಯೋಡು ಗ್ರಾಮ ಪಂಚಾಯಿತಿ ಕಚೇರಿಯ ಗಣಕಗಳಿಗೂ ಅದು ತಗುಲಿತು. ಒಂದು ಗಣಕದಿಂದ ಇನ್ನೊಂದಕ್ಕೆ ಹೋಗಲು ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ.

ಅದು ಹೇಗೆ ಸಾಧ್ಯವಾಯಿತು? ತಪ್ಪು ಇದ್ದದ್ದು ಲೆಕ್ಕದಲ್ಲಿ. ಕಡತದ ಹೆಚ್ಚುವರಿ ಗುಣಲಕ್ಷಣಗಳ ಪಟ್ಟಿಯೊಂದನ್ನು ಹಳೆಯ ಓಎಸ್/2 ಮಾದರಿಯಿಂದ ತನ್ನ ಮಾದರಿಗೆ ಬದಲಿಸುವಾಗ, ವಿಂಡೋಸ್ ಅದರಲ್ಲಿನ ಅಸಂಬದ್ಧ ಭಾಗವನ್ನು ಬಿಟ್ಟು ಉದ್ದವನ್ನು ಕಡಿಮೆ ಮಾಡಿ ಬರೆಯಬೇಕು. ಉದ್ದದ ಸಂಖ್ಯೆಗೆ 32 ಬಿಟ್ ಜಾಗವಿದೆ. ತಿದ್ದುವ ಆದೇಶ ಮುಟ್ಟುತ್ತಿದ್ದುದು ಕೆಳಗಿನ 16 ಬಿಟ್‌ಗಳನ್ನು ಮಾತ್ರ. ಕರಿಹಲಗೆಯ ಮೇಲೆ ಮಾಡಿ ನೋಡಿ: 10,000 ಅನ್ನು 9,950 ಎಂದು ತಿದ್ದಬೇಕು, ಆದರೆ ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ಅಳಿಸಿ ಬರೆಯಿರಿ. ಎಡಗಡೆಯ 1 ಹಾಗೆಯೇ ಉಳಿದು 19,950 ಆಗುತ್ತದೆ! ದಾಳಿಯಲ್ಲಿ 65,536 ಎಂಬ ಉದ್ದ 65,373ಕ್ಕೆ ಇಳಿಯುವ ಬದಲು 1,30,909ಕ್ಕೆ ಏರುತ್ತಿತ್ತು. ಸ್ಮೃತಿಯಲ್ಲಿ ಕಾದಿರಿಸಿದ್ದು ಚಿಕ್ಕ ಜಾಗ, ಸುರಿದದ್ದು ಅದಕ್ಕಿಂತ ಹೆಚ್ಚು ದತ್ತ. ತುಂಬಿ ಚೆಲ್ಲಿದ್ದು ಪಕ್ಕದ ಜಾಗದ ಮೇಲೆ ಬಿತ್ತು. ಅಲ್ಲಿದ್ದ ವಿಳಾಸಗಳು ಅಳಿಸಿಹೋಗಿ, ದಾಳಿಕೋರ ಕಳಿಸಿದ ಆದೇಶಗಳನ್ನೇ ಗಣಕ ತನ್ನ ಪೂರ್ಣ ಅಧಿಕಾರದೊಡನೆ ನಡೆಸಿತು.

ಈ ದೋಷವನ್ನು ಅಸ್ತ್ರವಾಗಿಸಿದ್ದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ. 2017ರ ಏಪ್ರಿಲ್‌ನಲ್ಲಿ ಅದು ಬಯಲಾಯಿತು. ಮೈಕ್ರೋಸಾಫ್ಟ್ ಅದಕ್ಕೂ ಮೊದಲೇ, ಮಾರ್ಚ್ 14ರಂದು, ತೇಪೆ ಬಿಡುಗಡೆ ಮಾಡಿತ್ತು. ಹಾಕಿಕೊಳ್ಳದವರೇ ಹೆಚ್ಚಾಗಿ ಸಿಕ್ಕಿಬಿದ್ದರು.

ಶಲವಡಿಯಂಥ ಊರಿನ ಶಾಲೆಯಲ್ಲಿ, "ಗಣಕ ಕೊಠಡಿಗೆ ಅಂತರಜಾಲವೇ ಇಲ್ಲ, ನಮಗೇನು ಭಯ?" ಎನ್ನಿಸಬಹುದು. ಇಲ್ಲೊಂದು ವಿಚಿತ್ರವಿದೆ. ವನ್ನಾಕ್ರೈ ಕೆಲಸ ಆರಂಭಿಸುವ ಮೊದಲು ಒಂದು ಅಂತರಜಾಲ ವಿಳಾಸವನ್ನು ಕರೆದು, ಉತ್ತರ ಬಂದರೆ ಸುಮ್ಮನಾಗುತ್ತಿತ್ತು. ಬ್ರಿಟನ್ನಿನ ಮಾರ್ಕಸ್ ಹಚಿನ್ಸ್ ಆ ವಿಳಾಸವನ್ನು ನೋಂದಾಯಿಸಿದ್ದರಿಂದಲೇ ಹಾವಳಿ ತಗ್ಗಿತು. ಆದರೆ ಅಂತರಜಾಲವಿಲ್ಲದ ಕೊಠಡಿಯಲ್ಲಿ ಉತ್ತರ ಬರುವುದೆಲ್ಲಿಂದ? ಸೋಂಕಿದ ಒಂದೇ ಲ್ಯಾಪ್‌ಟಾಪನ್ನು ತಂದು ಜೋಡಿಸಿದರೆ ಸಾಕು, ಹುಳು ತಡೆಯಿಲ್ಲದೆ ಹಬ್ಬುತ್ತದೆ.

ಹಳೆಯ ವಿಂಡೋಸ್ ಗಣಕಗಳಿದ್ದರೆ ಆ ತೇಪೆಯನ್ನು ಬೇರೆಡೆ ಇಳಿಸಿಕೊಂಡು ತಂದು ಹಾಕಿ, ಎಸ್‌ಎಂಬಿಯ 1ನೆಯ ಆವೃತ್ತಿಯನ್ನು ನಿಲ್ಲಿಸಿ. ಅಂಕಪಟ್ಟಿಗಳ ಪ್ರತಿ ಇರುವ ಡಿಸ್ಕನ್ನು ನಕಲು ಮುಗಿದೊಡನೆ ಕಳಚಿ ಬೀರುವಿನಲ್ಲಿಡಿ. ಜೋಡಿಸಿಯೇ ಬಿಟ್ಟರೆ ಹುಳು ಅದನ್ನೂ ಬಿಡುವುದಿಲ್ಲ.