ನಿಂತ ಮುಳ್ಳು

ಮಸ್ಕತ್ತಿನ ಬೇಸಿಗೆಯಲ್ಲಿ ದೋಣಿಯ ಮೇಲಿಟ್ಟ ಸ್ಕೂಬಾ ಸಿಲಿಂಡರ್ ಮುಟ್ಟಿದರೆ ಕೈ ಚುರುಗುಟ್ಟುತ್ತದೆ. ಒಳಗಿನ ಗಾಳಿ 45 ಡಿಗ್ರಿಗೆ ಕಾದಿದೆ, ಗೇಜಿನ ಮುಳ್ಳು 200 ಬಾರ್ ತೋರಿಸುತ್ತಿದೆ ಎಂದಿಟ್ಟುಕೊಳ್ಳಿ. ದಯ್ಮಾನಿಯಾತ್ ದ್ವೀಪಗಳ ಬಳಿ ಧುಮುಕಿ, 25 ಡಿಗ್ರಿಯ ತಣ್ಣನೆಯ ಪದರಕ್ಕೆ ಇಳಿದರೆ, ಒಂದು ಉಸಿರೂ ಎಳೆಯದಿದ್ದರೂ ಗಾಳಿ ತಣಿಯುತ್ತಿದ್ದಂತೆ ಮುಳ್ಳು 187ಕ್ಕೆ ಬರುತ್ತದೆ. ಹೊಸಬರಿಗೆ ಗೇಜ್ ಕೆಟ್ಟಿತೆನ್ನುವ ಗಾಬರಿ. ಕೆಟ್ಟಿರುವುದಿಲ್ಲ; ಗಾಳಿ ತಣಿದರೆ ಒತ್ತಡ ಇಳಿಯಲೇಬೇಕು. ದೋಣಿಯಲ್ಲಿ ಕಂಡ 200ನ್ನು ಪೂರ್ತಿ ಲೆಕ್ಕಕ್ಕೆ ಹಿಡಿದದ್ದೇ ತಪ್ಪು.

ಹೀಗೆ ಇಳಿಯುವ ಮುಳ್ಳನ್ನು ನಂಬಬಹುದು. ಇಳಿಯದೆ ನಿಂತ ಮುಳ್ಳು ಪ್ರಾಣಕ್ಕೇ ಎರವಾದೀತು.

ಗೇಜಿನ ಒಳಗಿರುವುದು ಫ್ರಾನ್ಸಿನ ಯುಜೀನ್ ಬೂರ್ಡನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ: ಒಂದು ತುದಿ ಮುಚ್ಚಿದ, ಬಾಗಿಸಿದ, ಚಪ್ಪಟೆ ಲೋಹದ ಕೊಳವೆ. ಜಾತ್ರೆಯಲ್ಲಿ ಮಕ್ಕಳು ಊದುವ ಕಾಗದದ ಸುರುಳಿ ಪೀಪಿಯನ್ನು ನೆನಪಿಸಿಕೊಳ್ಳಿ. ಊದಿದರೆ ಸುರುಳಿ ಬಿಚ್ಚುತ್ತದೆ, ಬಿಟ್ಟರೆ ಮಡಚಿಕೊಳ್ಳುತ್ತದೆ. ಒತ್ತಡ ಏರಿದಾಗ ಈ ಕೊಳವೆಯೂ ಕೂದಲೆಳೆಯಷ್ಟು ಬಿಚ್ಚುತ್ತದೆ. ಆ ಸಣ್ಣ ಅಲುಗಾಟವನ್ನು ಹಲ್ಲುಚಕ್ರಗಳು ಹಿಗ್ಗಿಸಿ ಮುಳ್ಳು ತಿರುಗಿಸುತ್ತವೆ. ಉಪ್ಪುನೀರು ನುಸುಳಿ ಚಕ್ರ ಕಚ್ಚಿಕೊಂಡರೆ, ಪೆಟ್ಟು ಬಿದ್ದು ಕೊಳವೆ ತನ್ನ ಆಕಾರಕ್ಕೆ ಮರಳದಿದ್ದರೆ ಅಂಕಿ ತಪ್ಪುತ್ತದೆ.

ತಪ್ಪಿನ ಬೆಲೆ ಎಷ್ಟು? 12 ಲೀಟರಿನ ಸಿಲಿಂಡರಿನಲ್ಲಿ 20 ಬಾರ್ ಎಂದರೆ 240 ಲೀಟರ್ ಗಾಳಿ. ಬಂದರ್ ಖೈರಾನ್ ಹತ್ತಿರ ಒಮಾನ್ ನೌಕಾಪಡೆಯ ಹಳೆಯ ಹಡಗು ಅಲ್ ಮುನಸ್ಸಿರ್ ಇದೆ. ಹವಳ ಬೆಳೆಯಲಿ, ಮೀನು ಸೇರಲಿ ಎಂದು 2003ರಲ್ಲಿ ಬೇಕೆಂದೇ ಮುಳುಗಿಸಿದ್ದು. ಅದರ ತಳ ಸುಮಾರು 30 ಮೀಟರ್ ಆಳ. ಅಲ್ಲಿ ಒತ್ತಡ ನಾಲ್ಕು ಪಟ್ಟು. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಅಲ್ಲಿ 80 ಬೇಕು. 20 ಬಾರ್ ತಪ್ಪು ತೋರಿಸಿದ ಗೇಜ್ ಮೂರು ನಿಮಿಷದ ಉಸಿರನ್ನು ಕಿತ್ತುಕೊಂಡಂತೆ.

ಅರ್ಧ ಪರೀಕ್ಷೆ ದೋಣಿಯಲ್ಲೇ ಮುಗಿಯಬೇಕು. ಗಾಳಿ ಪೂರ್ತಿ ಬಿಟ್ಟ ಮೇಲೂ ಮುಳ್ಳು ಸೊನ್ನೆಗೆ ಬಾರದಿದ್ದರೆ ಆ ಗೇಜನ್ನು ನೀರಿಗೆ ಒಯ್ಯಬಾರದು. ಗಾಜಿನೊಳಗೆ ತೇವ ಕಂಡರೂ ಅಷ್ಟೇ. ಆಮೇಲೆ ಸಿಲಿಂಡರಿನ ವಾಲ್ವ್ ತೆರೆದು, ಮುಳ್ಳು ನೋಡುತ್ತಾ ನಾಲ್ಕಾರು ಸಲ ಉಸಿರೆಳೆಯಿರಿ. ಪ್ರತಿ ಉಸಿರಿಗೂ ಅದು ಕುಸಿದು ಏರುತ್ತಿದ್ದರೆ ಗೇಜ್ ಸರಿಯಾಗಿಯೇ ಇರಬಹುದು, ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿರಲಿಕ್ಕಿಲ್ಲ.

ಉಳಿದರ್ಧ ನೀರೊಳಗೆ, ತಲೆಯಲ್ಲಿ. ಮುಳ್ಳು ನೋಡುವ ಮೊದಲೇ ಅಂಕಿ ಊಹಿಸಬೇಕು. 30 ಮೀಟರಿನಲ್ಲಿ ಐದು ನಿಮಿಷಕ್ಕೆ 33 ಬಾರ್ ಇಳಿಯಬೇಕಿತ್ತು. ಮುಳ್ಳು ಇದ್ದಲ್ಲೇ ಇದೆಯೇ? ಗೇಜ್ ತಟ್ಟಿ ನೋಡುತ್ತಾ ಕೂರಬೇಡಿ. ಜೊತೆಗಾರರಿಗೆ ಸನ್ನೆ ಮಾಡಿ, ಅವರ ಬದಲಿ ಉಸಿರುಗೊಳವೆ ಕೈಗೆಟುಕುವಷ್ಟು ಹತ್ತಿರವಿದ್ದು, ಇಬ್ಬರೂ ನಿಧಾನವಾಗಿ ಮೇಲೆ ಬನ್ನಿ.